ಒಂದು ರೌಟರು, ಎರಡು ಬಾಗಿಲು

ವರ್ತೂರು, ವೈಟ್‌ಫೀಲ್ಡ್ ಕಡೆಯ ಗೃಹಸ್ಥರಲ್ಲಿ ಅನೇಕರು ೨೦೨೦ರ ತರುವಾಯ ಮನೆಯನ್ನೇ ಕಚೇರಿಯನ್ನಾಗಿ ಮಾಡಿಕೊಂಡುದು ವಾಚಕರಿಗೆ ತಿಳಿದ ಸಂಗತಿ. ಕಚೇರಿಯ ಕಡತ, ಬ್ಯಾಂಕಿನ ಲೆಕ್ಕ, ಮಕ್ಕಳ ಪಾಠ, ಬಾಗಿಲ ಕ್ಯಾಮರಾದ ಚಿತ್ರ ಇವೆಲ್ಲವೂ ಈಗ ಒಂದು ಸಣ್ಣ ರೌಟರಿನ ಮೂಲಕವೇ ಹಾದುಹೋಗುತ್ತವೆ. ಈ ದ್ವಾರವನ್ನು ಕಾಯುವವರು ಯಾರೆಂಬ ಪ್ರಶ್ನೆಯು ಅಲ್ಪವಾದುದಲ್ಲ.

ಈ ಕಾವಲಿಗೆ ವಿ.ಪಿ.ಎನ್. ಎಂಬ ಗುಪ್ತಮಾರ್ಗವು ಎರಡು ರೂಪದಲ್ಲಿ ಒದಗುತ್ತದೆ. ಕ್ಲೈಂಟ್ ರೂಪದಲ್ಲಿ ರೌಟರು ಮನೆಯ ಸಂಚಾರವನ್ನು ಮುದ್ರೆಯೊತ್ತಿದ ಲಕೋಟೆಯಂತೆ ದೂರದ ಕಂಪೆನಿಯೊಂದರ ಯಂತ್ರಕ್ಕೆ ಕಳುಹಿಸಿ, ಅಲ್ಲಿಂದ ಲೋಕಕ್ಕೆ ಬಿಡುತ್ತದೆ. ಸರ್ವರ್ ರೂಪದಲ್ಲಿಯಾದರೋ, ಪರಊರಿಗೆ ಹೋದ ಮನೆಯವನು ರೈಲು ನಿಲ್ದಾಣದ ವೈಫೈಯಿಂದಲೂ ತನ್ನ ಮನೆಯ ಜಾಲದೊಳಕ್ಕೆ ಭದ್ರವಾಗಿ ಬರಬಹುದು. ಒಂದು ಹೊರಹೋಗುವ ಬಾಗಿಲು, ಮತ್ತೊಂದು ಒಳಬರುವ ಬಾಗಿಲು. ಎರಡನ್ನೂ ಒಂದೇ ರೌಟರಿನಲ್ಲಿ ತೆರೆದೊಡನೆ ತೊಡಕು ಹುಟ್ಟುತ್ತದೆ.

ಬೆಳ್ಳಂದೂರಿನಿಂದ ಬಂದ ನೀರು ವರ್ತೂರು ಕೆರೆಯನ್ನು ಸೇರಿ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಬಂದ ದಾರಿಯಲ್ಲಿಯೇ ಹಿಂದಿರುಗಬೇಕೆಂಬ ನಿಯಮವು ನೀರಿಗಿಲ್ಲ. ಜಾಲದ ಪತ್ರವ್ಯವಹಾರಕ್ಕೆ ಆ ನಿಯಮವುಂಟು. ಕ್ಲೈಂಟು ಚಾಲೂ ಆದಾಗ ಸಾಮಾನ್ಯವಾಗಿ ರೌಟರಿನ ಮುಖ್ಯಮಾರ್ಗವು ಗುಪ್ತಮಾರ್ಗದತ್ತ ತಿರುಗುತ್ತದೆ. ಹೊರಗಿನವನು ಮನೆಯ ಸಾರ್ವಜನಿಕ ವಿಳಾಸಕ್ಕೆ ಬಂದು ಬಾಗಿಲು ತಟ್ಟುತ್ತಾನೆ. ಉತ್ತರವಾದರೋ ಹಿತ್ತಲ ದಾರಿಯಿಂದ ಹೊರಟು, ಅಪರಿಚಿತ ಕಂಪೆನಿಯ ವಿಳಾಸ ಹೊತ್ತು ಬರುತ್ತದೆ. ಅವನ ಕಡೆಯ ಕಾವಲುಗೋಡೆಯು ಅದನ್ನು ತಳ್ಳಿಬಿಡುತ್ತದೆ. ಯಂತ್ರವೇನೂ ಕೆಟ್ಟಿರುವುದಿಲ್ಲ, ಆದರೂ ಸರ್ವರು ಸತ್ತಂತೆ ತೋರುತ್ತದೆ.

ಪರಿಹಾರವು ಸುಲಭ. ತಟ್ಟಿದ ಬಾಗಿಲಿನಿಂದಲೇ ಉತ್ತರ ಹೋಗತಕ್ಕದ್ದೆಂದು ರೌಟರಿಗೆ ಪ್ರತ್ಯೇಕವಾದ ಮಾರ್ಗಪಟ್ಟಿಯನ್ನು ಬರೆದಿಡಬೇಕು. ಮನೆಯ ಜಾಲ, ಸರ್ವರಿನ ಜಾಲ, ಕ್ಲೈಂಟಿನ ಜಾಲ ಈ ಮೂರಕ್ಕೂ ಬೇರೆ ಬೇರೆ ವಿಳಾಸಶ್ರೇಣಿ ಇರಬೇಕು. ಸರ್ವರಿನಿಂದ ಬಂದವನು ಎಲ್ಲಿಯವರೆಗೆ ಹೋಗಬಹುದೆಂಬುದನ್ನು ಕಾವಲುಗೋಡೆಯಲ್ಲಿ ಸ್ಪಷ್ಟಪಡಿಸಬೇಕು. ೨೦೦೪ರಲ್ಲಿ ಆರಂಭವಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶದಲ್ಲಿ ಇದಕ್ಕೆಲ್ಲ ಅನುಕೂಲವಿದೆ. ೨೦೨೦ರಲ್ಲಿ ಲಿನಕ್ಸಿನ ತಿರುಳನ್ನು ಸೇರಿದ ವೈರ್‌ಗಾರ್ಡ್ ಸಣ್ಣ ರೌಟರಿಗೂ ಹೊರೆಯಾಗದು.

ಇಷ್ಟಾದರೂ ಸರ್ವರು ದೊರೆಯದಿದ್ದಲ್ಲಿ ರೌಟರಿಗೆ ಬಂದಿರುವ ವಿಳಾಸವನ್ನು ನೋಡಬೇಕು. ಅದು ೧೦೦.೬೪ರಿಂದ ೧೦೦.೧೨೭ರವರೆಗಿನ ಶ್ರೇಣಿಯಲ್ಲಿದ್ದರೆ, ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚಲಾಗಿದೆಯೆಂದು ತಿಳಿಯತಕ್ಕದ್ದು. ಸ್ವಂತ ವಿಳಾಸವನ್ನೋ ಐಪಿವಿ೬ ಅನ್ನೋ ಕೇಳಿ ಪಡೆಯದ ಹೊರತು ಹೊರಗಿನ ಕರೆಯು ಮನೆಗೆ ಮುಟ್ಟದು. ಬೇಸತ್ತು ರೌಟರಿನ ಆಡಳಿತಪುಟವನ್ನೇ ಲೋಕಕ್ಕೆ ತೆರೆದಿಡುವುದು ಮಾತ್ರ ಕೂಡದು. ಕಳ್ಳನಿಗೆ ಬೀಗದ ಕೈ ಕೊಟ್ಟಂತಾದೀತು.

ಇನ್ನು ನಂಬಿಕೆಯ ವಿಚಾರ. ಬಾಡಿಗೆಯ ವಿ.ಪಿ.ಎನ್.ನಿಂದ ಗುಟ್ಟು ನಾಶವಾಗುವುದೂ ಇಲ್ಲ, ಪೂರ್ಣವಾಗಿ ಉಳಿಯುವುದೂ ಇಲ್ಲ. ಅದು ತಂತಿ ಕೊಟ್ಟವನ ಕೈಯಿಂದ ಕಂಪೆನಿಯ ಕೈಗೆ ಹೋಗುತ್ತದೆ, ಅಷ್ಟೆ. ಇಂತಹ ಕಂಪೆನಿಗಳು ಗಿರಾಕಿಗಳ ಹೆಸರು, ವಿಳಾಸಗಳನ್ನು ೫ ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲ್ ೨೮ರಂದು ಆಜ್ಞೆ ಹೊರಡಿಸಿತು. ಒಪ್ಪದ ಕೆಲವು ಪರದೇಶದ ಕಂಪೆನಿಗಳು ತಮ್ಮ ಯಂತ್ರಗಳನ್ನು ಭಾರತದಿಂದ ತೆಗೆದವು. ಅಪರಾಧವನ್ನು ಹಿಡಿಯುವುದು ಸರಕಾರದ ಧರ್ಮವೇ. ಆದರೆ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ೯ ಮಂದಿ ನ್ಯಾಯಮೂರ್ತಿಗಳು ೨೦೧೭ರ ಆಗಸ್ಟ್ ೨೪ರಂದು ಏಕಮತದಿಂದ ಸಾರಿದುದನ್ನೂ ಮರೆಯಲಾಗದು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಅಭಿಮಾನದ ವಿಷಯ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟೆ. ಸರ್ವರಿನ ಕೀಲಿಯು ಮನೆಯವರ ಕೈಯಲ್ಲಿಯೇ ಇರುವುದರಿಂದ ಅದನ್ನು ಮೊದಲು ಕಟ್ಟಿಕೊಳ್ಳಿರಿ. ಕ್ಲೈಂಟನ್ನು ಅಗತ್ಯವುಳ್ಳ ಸಾಧನಗಳಿಗೆ ಮಾತ್ರ ಗೊತ್ತುಮಾಡಿರಿ. ಬ್ಯಾಂಕಿನ ಕೆಲಸವೂ ಕಚೇರಿಯ ಯಂತ್ರವೂ ನೇರದಾರಿಯಲ್ಲಿಯೇ ಹೋಗಲಿ. ಪರರನ್ನು ಎಷ್ಟು ನಂಬಬೇಕೆಂಬುದನ್ನು ಗೃಹಸ್ಥನು ತಾನೇ ಅಳೆದು ನಿರ್ಧರಿಸುವುದೇ ಹಕ್ಕನ್ನು ಉಳಿಸಿಕೊಳ್ಳುವ ಮೊದಲ ಹೆಜ್ಜೆ.