ಹೊಲಿದ ಹಡಗು, ಮುಚ್ಚಿದ ಸಂದು

ಐಹೊಳೆಯ ಮೇಗುಟಿ ಗುಡ್ಡ ಹತ್ತಿ ನಿಂತರೆ ಕಾಲ ಕೆಳಗೆ ಊರು, ಗುಡಿಗಳು, ಆಚೆಗೆ ಮಲಪ್ರಭೆ. ಸಮುದ್ರ ಇಲ್ಲಿಂದ 200 ಕಿಲೋಮೀಟರಿಗೂ ದೂರ. ಆದರೂ ಗುಡ್ಡದ ಮೇಲಿನ ಮೇಗುಟಿ ಗುಡಿಯ ಪೂರ್ವದ ಗೋಡೆಯಲ್ಲಿ ಹಡಗುಗಳಿವೆ. ಅಲ್ಲಿ ಕೆತ್ತಿದ ಕ್ರಿ.ಶ. 634ರ ಶಾಸನದಲ್ಲಿ ಕವಿ ರವಿಕೀರ್ತಿ ಹೇಳುತ್ತಾನೆ: ಪಡುಗಡಲ ಸಿರಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ ನೂರಾರು ಹಡಗುಗಳಿಂದ ಮುತ್ತಿದ. ಕವಿಯ ಕಣ್ಣಿಗೆ ಅವು ಮದ್ದಾನೆಗಳ ಹಿಂಡು.

ಆ ಹಡಗುಗಳ ಒಂದು ಹಲಗೆಯೂ ಉಳಿದಿಲ್ಲ. ಆದರೆ ಈ ಕಡಲಿನ ಹಡಗುಗಳಿಗೆ ಕಬ್ಬಿಣದ ಮೊಳೆಯಿಲ್ಲ, ಹಗ್ಗದಿಂದ ಬಿಗಿದಿರುತ್ತಾರೆ ಎಂದು 6ನೇ ಶತಮಾನದ ಬೈಜಾಂಟಿಯಂ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿದ್ದಾನೆ. ಹಲಗೆಯ ಅಂಚಿಗೆ ಅಂಚು ಕೂಡಿಸಬೇಕು. ಸಾಲಾಗಿ ತೂತು ಕೊರೆಯಬೇಕು. ಸಂದಿನ ಉದ್ದಕ್ಕೂ ತೆಂಗಿನ ನಾರನ್ನು ಒತ್ತಾಗಿ ಇಟ್ಟು, ನಾರಿನ ಹುರಿಯಿಂದಲೇ ಹೊಲಿಯಬೇಕು; ಮೇಲೆ ರಾಳ, ಮೀನೆಣ್ಣೆ. ಉಪ್ಪುನೀರಿಗೆ ಮೊಳೆ ತುಕ್ಕು ಹಿಡಿಯುತ್ತದೆ. ಹೊಲಿಗೆ ಅಲೆಯ ಪೆಟ್ಟಿಗೆ ಬಾಗಿ, ಮತ್ತೆ ನೆಟ್ಟಗಾಗುತ್ತದೆ. ಅಜಂತೆಯ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಬಾಬು ಶಂಕರನ್ ಮುಂದಾಳತ್ವದಲ್ಲಿ ಕೇರಳದ ಕುಶಲಕರ್ಮಿಗಳು ಹೀಗೆಯೇ ಹೊಲಿದ ಹಡಗು ‘ಕೌಂಡಿನ್ಯ’ 2025ರ ಮೇ 21ರಂದು ನೌಕಾಪಡೆ ಸೇರಿದ್ದು ನಮ್ಮ ಕಾರವಾರದಲ್ಲಿ.

ಗುಡ್ಡ ಇಳಿದು ಲಾಡಖಾನ್ ಗುಡಿಯ ಮುಂದೆ ನಿಂತು ಮಾಡು ನೋಡಿ. ಇಳಿಜಾರಿಗೆ ಹಾಸಿದ ಚಪ್ಪಡಿಗಳು. ಎರಡು ಚಪ್ಪಡಿ ಕೂಡುವಲ್ಲೆಲ್ಲ ಸಂದಿನ ಮೇಲೆ ಉದ್ದನೆಯ ಕಲ್ಲಿನ ಪಟ್ಟಿ, ಥೇಟ್ ಮರದ ತೊಲೆಯ ಹಾಗೆ. ಇದು ಕಲ್ಲುಕುಟಿಗನ ಯೋಚನೆಯಲ್ಲ, ಬಡಿಗೇರನದು. ಹಡಗಿನ ಸಂದಿಗೆ ನಾರು, ಗುಡಿಯ ಸಂದಿಗೆ ಕಲ್ಲು. ನೀರನ್ನು ತಡೆಯುವ ಬುದ್ಧಿ ಒಂದೇ. ಆ ಕಾಲದ ಮರ ಗೆದ್ದಲಿಗೆ, ಮಳೆಗೆ ಹೋಯಿತು. ಮರಗೆಲಸ ಮಾತ್ರ ಈ ಮಾಡಿನ ಮೇಲೆ ಹಾಗೇ ಕೂತಿದೆ. ಬಾದಾಮಿ ಚಾಲುಕ್ಯರ ನಾಡಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಶಿಲ್ಪ ಇದೇ.

ಹುನಗುಂದ ದಾಟಿ ಇಳಕಲ್ಲಿಗೆ ಹೋದರೆ ಕೂಡಿಸುವ ಈ ವಿದ್ಯೆ ಇನ್ನೂ ಉಸಿರಾಡುತ್ತಿದೆ. ಸೀರೆಯ ಒಡಲಿನ ಹಾಸೆಳೆಗೆ ಸೆರಗಿನ ರೇಷ್ಮೆ ಹಾಸೆಳೆಯನ್ನು ನೇಕಾರರು ಕುಣಿಕೆಗೆ ಕುಣಿಕೆ ಹಾಕಿ ಬೆಸೆಯುತ್ತಾರೆ.

ಐಹೊಳೆಗೆ ಹೋದಾಗ ಕಂಬದ ಶಿಲ್ಪ ನೋಡಿ ಹೊರಟುಬಿಡಬೇಡಿ. ಆ ಮಾಡಿನ ಸಂದುಗಳನ್ನೂ ನೋಡಿ. ಸಾಧ್ಯವಾದರೆ ನಿಮ್ಮ ಊರಿನ ಬಡಿಗೇರರನ್ನು ಜೊತೆಗೆ ಕರೆದುಕೊಂಡು ಹೋಗಿ.