ಹಾಲಿನ ಲೆಕ್ಕದ ಕಂಪ್ಯೂಟರ್: ಅಳೆಯುವವರನ್ನೂ ಕೇಳಿ

ಎರಡು ದನ ಕಟ್ಟಿಕೊಂಡವ ನಾನು. ಬೆಳಿಗ್ಗೆ ನಮ್ಮೂರ ಸೊಸೈಟಿಯಲ್ಲಿ ಹಾಲು ಅಳೆಯುವ ಕೆಲಸವೂ ನನ್ನದೇ. ಮೊದಲೆಲ್ಲ ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆವು. ತಪ್ಪಿದರೆ ಅಡ್ಡಗೀಟು ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು ಸಹಿ. ಗೀಟಿನಡಿಯ ಹಳೆಯ ಅಂಕಿ ಯಾರಿಗೂ ಕಾಣುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ತೂಕದ ಯಂತ್ರ, ಫ್ಯಾಟ್ ನೋಡುವ ಯಂತ್ರ ಎರಡೂ ಅದಕ್ಕೆ ಜೋಡಣೆ. ಸದಸ್ಯರ ನಂಬ್ರ ಒತ್ತಿದರೆ ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಹಣ ಎಲ್ಲ ಚೀಟಿಯಲ್ಲಿ ಬರುತ್ತದೆ. ಕೆಲಸ ಹಗುರಾದದ್ದು ಸುಳ್ಳಲ್ಲ. ಆದರೆ ಒಂದು ಬೆಳಿಗ್ಗೆ, ಕ್ಯಾನು ಹಿಡಿದವರ ಸಾಲು ಅಂಗಳ ದಾಟಿದ್ದಾಗ, 47 ಒತ್ತುವಲ್ಲಿ 74 ಒತ್ತಿಬಿಟ್ಟೆ. ಆಚೆಮನೆ ಅಕ್ಕನ ಐದು ಲೀಟರ್ ಇನ್ನೊಬ್ಬರ ಖಾತೆಗೆ ಹೋಯ್ತು. ಚೀಟಿಯಲ್ಲಿ ಹೆಸರಿಲ್ಲ, ಇದ್ದದ್ದೂ ಇಂಗ್ಲಿಷು. ಅಕ್ಕ ಅದನ್ನು ಸೆರಗಿಗೆ ಕಟ್ಟಿಕೊಂಡು ಹೋದರು.

ಬಟವಾಡೆ ದಿನ, "ತಮ್ಮಾ, ಅವತ್ತು ನನ್ನ ದನ ಹಾಲೇ ಕೊಡ್ಲಿಲ್ವಾ?" ಅಂತ ಕೇಳಿದರು. ತಿದ್ದಿ ಕೊಟ್ಟೆ. ತಿದ್ದಿದ್ದೇ ತಡ, ಹಳೆಯ ಅಂಕಿ ಮಾಯ! 74ರವರು ಬಂದು "ನನ್ನ ಲೆಕ್ಕ ಕಡಿಮೆ ಆದದ್ದು ಯಾಕೆ ಮಾರಾಯ?" ಅಂದರೆ ತೋರಿಸಲು ಏನೂ ಇಲ್ಲ. ಇವತ್ತು ನನ್ನ ಕೈತಪ್ಪು. ನಾಳೆ ಇನ್ಯಾರದೋ ಕೈಚಳಕವೂ ಆಗಬಹುದಲ್ಲ?

ಅದೇ ಸಂಜೆ ನಾನು, ಟೆಸ್ಟರ್, ಕಾರ್ಯದರ್ಶಿ ಕೂತು ನಮಗೆ ಬೇಕಾದ ಚೀಟಿಯನ್ನು ಹಾಳೆಯಲ್ಲಿ ಪೆನ್ನಿನಿಂದಲೇ ಬರೆದೆವು. ನಂಬ್ರ ಒತ್ತಿದ ಕೂಡಲೇ ಹೆಸರು ಕನ್ನಡದಲ್ಲಿ, ಹಾಲು ತಂದವರಿಗೂ ಕಾಣುವ ಹಾಗೆ ಬರಬೇಕು. ತಿದ್ದಿದರೆ ಹಳೆಯ ಅಂಕಿ, ಹೊಸತು, ತಿದ್ದಿದವರ ಹೆಸರು ಮೂರೂ ಉಳಿಯಬೇಕು. ತಂತ್ರಾಂಶ ಕೊಟ್ಟವರು "ಎಲ್ಲ ಕಡೆ ಹೀಗೇ ಇರೋದು" ಅಂದರು. ಆಡಳಿತ ಮಂಡಳಿ ನಿರ್ಣಯ ಬರೆದು ಕಳಿಸಿದ ಮೇಲೆ ಎರಡೂ ಆಯ್ತು.

ಇಂಥದ್ದು ಕೇಳುವುದು ಹೊಸತಲ್ಲ. ನಾರ್ವೆಯಲ್ಲಿ 1970ರ ದಶಕದ ಆರಂಭದಲ್ಲೇ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘ, ಕ್ರಿಸ್ಟನ್ ನ್ಯೂಗಾರ್ಡ್ ಎಂಬ ಕಂಪ್ಯೂಟರ್ ವಿಜ್ಞಾನಿಯನ್ನು ಜೊತೆಗಿಟ್ಟುಕೊಂಡು, ಕಾರ್ಖಾನೆಗೆ ಬರುವ ಕಂಪ್ಯೂಟರನ್ನು ತಾನೇ ಅಭ್ಯಾಸ ಮಾಡಿತು. 1975ರಲ್ಲಿ ಕಾರ್ಮಿಕರ ಒಕ್ಕೂಟಕ್ಕೂ ಮಾಲೀಕರ ಒಕ್ಕೂಟಕ್ಕೂ ಒಪ್ಪಂದವೇ ಆಯ್ತು: ಹೊಸ ವ್ಯವಸ್ಥೆಯ ವಿವರವನ್ನು ಕೆಲಸಗಾರರಿಗೆ ಅರ್ಥವಾಗುವ ಮಾತಿನಲ್ಲಿ ತಿಳಿಸಬೇಕು. 1981ರಲ್ಲಿ ಶುರುವಾದ ಇನ್ನೊಂದು ಯೋಜನೆಯಲ್ಲಿ ಸ್ವೀಡನ್ನಿನ ಮುದ್ರಣ ಕೆಲಸಗಾರರು, ಇನ್ನೂ ಬಾರದ ಯಂತ್ರಗಳನ್ನು ರಟ್ಟು, ಹಲಗೆಗಳಲ್ಲಿ ಮಾಡಿಟ್ಟು ಕೆಲಸ ಮಾಡಿ ನೋಡಿದರು. ನಮ್ಮ ಪೆನ್ನಿನ ಚೀಟಿ ಅದರ ಬಡ ತಮ್ಮ!

ನಿಮ್ಮ ಸೊಸೈಟಿಗೆ ತರಿಸುವುದಿದ್ದರೆ ದುಡ್ಡು ಕೊಡುವ ಮೊದಲೇ "ಒಂದು ತಪ್ಪು ಒತ್ತಿ, ತಿದ್ದಿ ತೋರಿಸಿ" ಎನ್ನಿ. ಅಳೆಯುವವರು ಅಲ್ಲಿ ಇರಲಿ. ಹಳೆಯ ರಿಜಿಸ್ಟರನ್ನು ಅಟ್ಟಕ್ಕೆ ಹಾಕಬೇಡಿ; ಕರೆಂಟು ಹೋದ ದಿನ ನಮಗೆ ಈಗಲೂ ಅದೇ ಗತಿ.