ಶಿಯಾನಿನಲ್ಲಿ ಮೊದಲ ಸಂಜೆ

ಗುಂಪಿನೊಡನೆ ಪ್ರವಾಸ ಹೊರಟವರಿಗೆ ಪರಸ್ಥಳದ ಮೊದಲ ಸಂಜೆಯೆಂಬುದು ಲೆಕ್ಕಕ್ಕೆ ಸೇರದ ಹೊತ್ತು. ವಿಮಾನದ ಆಯಾಸ ಇಳಿದಿರುವುದಿಲ್ಲ. ನೋಡತಕ್ಕದ್ದೆಲ್ಲ ನಾಳೆಯ ಪಟ್ಟಿಯಲ್ಲಿರುತ್ತದೆ. 2018ರ ಅಕ್ಟೋಬರಿನಲ್ಲಿ ನಮ್ಮ 26 ಮಂದಿಯ ತಂಡ ಚೀನಾದ ಶಿಯಾನ್ ನಗರಕ್ಕೆ ಬಂದಿಳಿದಾಗ ನಮ್ಮೆಲ್ಲರ ಮನಸ್ಸೂ ಹೀಗೆಯೇ ಇತ್ತು. ಪ್ರಸಿದ್ಧವಾದ ಮಣ್ಣಿನ ಸೈನಿಕರ ದರ್ಶನ ಮರುದಿನಕ್ಕೆ. ಅಂದಿನ ಸಂಜೆಗೆ 'ನಗರ ವೀಕ್ಷಣೆ' ಎಂದಷ್ಟೇ ಕಾರ್ಯಕ್ರಮದಲ್ಲಿ ಅಚ್ಚಾಗಿತ್ತು.

ಶಿಯಾನ್ ಎಂದರೆ ಪಶ್ಚಿಮದ ಶಾಂತಿ. ಈ ಹೆಸರು ಬಂದದ್ದು 1369ರಲ್ಲಿ, ಮಿಂಗ್ ಅರಸರ ಕಾಲದಲ್ಲಿ. ತಾಂಗ್ ವಂಶದ ರಾಜಧಾನಿಯಾಗಿದ್ದಾಗ ಇದು ಚಾಂಗಾನ್, ಚಿರಶಾಂತಿಯ ಊರು. ಇಂದು ಕಾಣುವ ಕೋಟೆಗೋಡೆ ಮಿಂಗರದು. ಎತ್ತರ 12 ಮೀಟರು, ಸುತ್ತಳತೆ ಸುಮಾರು 14 ಕಿಲೋಮೀಟರು. ನಮ್ಮ ಬಸ್ಸು ಅದನ್ನು ದಾಟಿ ಒಳಹೊಕ್ಕಾಗ ದೀಪ ಹತ್ತುವ ಸಮಯ. ನಾಲ್ಕು ದಿಕ್ಕಿನ ಬೀದಿಗಳು ಕೂಡುವೆಡೆಯಲ್ಲಿ ಘಂಟಾಗೋಪುರ, ಅದರ ವಾಯವ್ಯಕ್ಕೆ ನಗಾರಿಗೋಪುರ. ನಗಾರಿಯದು 1380ರಲ್ಲಿ, ಘಂಟೆಯದು 1384ರಲ್ಲಿ ಕಟ್ಟಿದ್ದು. ಮನೆಮನೆಗೆ ಗಡಿಯಾರವಿಲ್ಲದ ಕಾಲದಲ್ಲಿ ಬೆಳಗನ್ನು ಘಂಟೆಯೂ ಇರುಳನ್ನು ನಗಾರಿಯೂ ಸಾರುತ್ತಿದ್ದವು. ಊರು ಬೆಳೆದು ಅದರ ನಡು ಬೇರೆಡೆಗೆ ಸರಿದದ್ದರಿಂದ 1582ರಲ್ಲಿ ಘಂಟಾಗೋಪುರವನ್ನು ಬಿಚ್ಚಿ, ಈಗಿರುವಲ್ಲಿಗೆ ಸಾಗಿಸಿ, ಮತ್ತೆ ಜೋಡಿಸಿದರಂತೆ. ಊರ ನಡುವೆ ಏನಿರಬೇಕೆಂಬ ವಿಷಯದಲ್ಲಿ ಇಷ್ಟು ಹಟವಿದ್ದ ಜನರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನಮ್ಮವರು ಅರ್ಧ ಗಂಟೆ ಚಿತ್ರ ತೆಗೆದುಕೊಂಡರು. ನಗಾರಿಗೋಪುರದ ಹಿಂದಿನ ಮುಸಲ್ಮಾನರ ಕೇರಿಯಲ್ಲಿ, ಮಾಂಸ ಸುಡುವ ಹೊಗೆಗೆ ಅಂಜಿದ ಸಸ್ಯಾಹಾರಿಗಳು ಪರ್ಸಿಮನ್ ಹಣ್ಣಿನ ತಿರುಳಿನಿಂದ ಮಾಡಿ ಎಣ್ಣೆಯಲ್ಲಿ ಕರಿದ ಒಂದು ಬಗೆಯ ಕಜ್ಜಾಯದಿಂದ ಸಮಾಧಾನಪಟ್ಟರು. ಅಲ್ಲಿಂದ ಕೋಟೆಯ ಹೊರಗೆ, ದಕ್ಷಿಣಕ್ಕೆ ನಮ್ಮ ಪಯಣ.

ಅಲ್ಲಿರುವುದು 'ದೊಡ್ಡ ಕಾಡುಬಾತಿನ ಗೋಪುರ'. ನಾವು ಹಂಸಗೋಪುರವೆನ್ನಲು ಅಡ್ಡಿಯಿಲ್ಲ. ಮಗಧದಲ್ಲಿದ್ದ ಹಂಸಸ್ತೂಪವೊಂದರ ಕಥೆಯಿಂದಲೇ ಈ ಹೆಸರು ಬಂದಿತೆನ್ನುತ್ತಾರೆ. ಗೋಪುರದ ಬಾಗಿಲು ಆಗಲೇ ಮುಚ್ಚಿತ್ತು. ಉತ್ತರದ ಅಂಗಳದಲ್ಲಿ ಸಂಗೀತಕ್ಕೆ ತಕ್ಕಂತೆ ಕುಣಿಯುವ ಕಾರಂಜಿಯನ್ನು ನೋಡಿ, ಸುತ್ತಿ ಬಳಸಿ ದಕ್ಷಿಣದ ಅಂಗಳಕ್ಕೆ ಬಂದೆವು. ಅಲ್ಲಿ ದಂಡ ಹಿಡಿದು ನಿಂತ ಭಿಕ್ಷುವಿನ ಕಂಚಿನ ಪ್ರತಿಮೆ. ಜೊತೆಯವರು ಅಂಗಡಿಗಳ ಕಡೆ ಚದುರಿದರು. ನಮ್ಮ ಮಾರ್ಗದರ್ಶಿ ತರುಣಿ, "ಇವರು ನಿಮ್ಮ ದೇಶದಿಂದ ಗ್ರಂಥಗಳನ್ನು ತಂದವರು" ಎಂದಳು.

"ಹ್ಯೂಯೆನ್ ತ್ಸಾಂಗ್ ಅಲ್ಲವೇ?" ಎಂದೆ. ಆಕೆಗೆ ತಿಳಿಯಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ಉಚ್ಚರಿಸಿದ ಹೆಸರು ಅವನ ನೆಲದಲ್ಲಿಯೇ ಚಲಾವಣೆಯಾಗಲಿಲ್ಲ! ಹಿಂದಿನ ವಿದ್ವಾಂಸರು ರೋಮನ್ ಲಿಪಿಯಲ್ಲಿ ಬರೆದುದನ್ನು ನಾವು ಅಕ್ಷರಕ್ಕಕ್ಷರ ಓದಿಕೊಂಡ ರೂಪ ಅದು. ಆಕೆಯ ಬಾಯಲ್ಲಿ ಅವನು ಶ್ವೆನ್‌ಜಾಂಗ್.

ಸುಮಾರು 629ರಲ್ಲಿ ಅರಸನ ಅಪ್ಪಣೆಯಿಲ್ಲದೆ ಹೊರಟ ಈ ಭಿಕ್ಷು 645ರಲ್ಲಿ 657 ಗ್ರಂಥಗಳೊಡನೆ ಚಾಂಗಾನಿಗೆ ಮರಳಿದ. ಅವುಗಳ ರಕ್ಷಣೆಗಾಗಿ 652ರಲ್ಲಿ ಎದ್ದದ್ದು ಈ ಗೋಪುರ. ಮೊದಲಿಗೆ ಐದು ಅಂತಸ್ತು. ಈಗ ಏಳು, ಎತ್ತರ 64 ಮೀಟರು. 664ರಲ್ಲಿ ತೀರಿಕೊಳ್ಳುವವರೆಗೆ ಅವನು 75 ಗ್ರಂಥಗಳನ್ನು ಚೀನೀ ಭಾಷೆಗೆ ತಂದ.

ನಮಗೆ ಅವನು ಬೇಕಾದದ್ದು ಇಮ್ಮಡಿ ಪುಲಕೇಶಿಯ ಸಾಕ್ಷಿಯಾಗಿ. ಐಹೊಳೆಯ 634ರ ಶಾಸನದಲ್ಲಿ ರವಿಕೀರ್ತಿ ತನ್ನ ಒಡೆಯ ಹರ್ಷನನ್ನು ತಡೆದುದನ್ನು ಹಾಡಿದ್ದಾನೆ. ಆದರೆ ಆಶ್ರಿತ ಕವಿಯ ಮಾತಿನಲ್ಲಿ ಸ್ವಲ್ಪ ಕಳೆದು ಓದುವುದು ನಮ್ಮ ರೂಢಿ. ಈ ಭಿಕ್ಷುವಾದರೋ ಕನೌಜಿನಲ್ಲಿಯೂ ಪ್ರಯಾಗದಲ್ಲಿಯೂ ಹರ್ಷನಿಂದ ಅಪಾರ ಗೌರವ ಪಡೆದವನು. ಹಾಗಿದ್ದೂ 646ರಲ್ಲಿ ತನ್ನ ಪ್ರವಾಸಗ್ರಂಥವನ್ನು ಮುಗಿಸುವಾಗ, ಹರ್ಷನಿಗೆ ಈ ಒಬ್ಬ ಅರಸನನ್ನು ಮಣಿಸಲಾಗಲಿಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟ. ದಕ್ಷಿಣದ ಪಡೆ ಆನೆಗಳಿಗೆ ಮದ್ಯ ಕುಡಿಸಿ ನುಗ್ಗಿಸುವುದನ್ನೂ, ಸೋತು ಬಂದ ದಂಡನಾಯಕನಿಗೆ ಹೆಂಗಸರ ಉಡುಗೆ ಕೊಟ್ಟು ಅವಮಾನಿಸುವುದನ್ನೂ ಬಿಡಲಿಲ್ಲ.

ನಾನು ತರಗತಿಯಲ್ಲಿ ಇದನ್ನೆಲ್ಲ 'ಚೀನೀ ಯಾತ್ರಿಕನೂ ಹೀಗೆ ಹೇಳುತ್ತಾನೆ' ಎಂಬ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ. ಅವನ ಪುಸ್ತಕವನ್ನು ಇಂಗ್ಲಿಷ್ ಅನುವಾದದಲ್ಲಿಯಾದರೂ ಪೂರ್ತಿ ಓದಿದ್ದು ನಿವೃತ್ತನಾದ ಮೇಲೆ. ಕೊಂಕಣಪುರದ ಬಳಿ ಅವನು ಕಂಡ ತಾಳೆಯ ತೋಪು, ಅದರ ಅಗಲವಾದ ಹೊಳೆಯುವ ಗರಿಗಳು, ದೇಶದಲ್ಲೆಲ್ಲ ಬರವಣಿಗೆಗೆ ಅವುಗಳ ಬಳಕೆ — ಓಲೆಗರಿಯ ವಿಷಯವಾಗಿ ಇಂಥ ಮಾತಿದ್ದರೂ ನನ್ನ ವಿದ್ಯಾರ್ಥಿಗಳಿಗೆ ಅದನ್ನು ಹೇಳಲಿಲ್ಲವಲ್ಲ ಎಂಬ ಖೇದ ಅಲ್ಲಿ ನಿಂತಾಗ ಬಲವಾಯಿತು.

"ಆ ಅರಸನ ಹೆಸರೇನು, ಪ್ರೊಫೆಸರ್?" ಎಂದು ಆ ಹುಡುಗಿ ಕೇಳಿದಳು. ಹೇಳಿದೆ. ಆಕೆ ತನ್ನ ಫೋನಿನಲ್ಲಿ ಆ ಹಳೆಯ ಗ್ರಂಥದ ಪುಟವನ್ನೇ ಹುಡುಕಿ ತೆಗೆದು, ನಾಲ್ಕು ಅಕ್ಷರಗಳ ಮೇಲೆ ಬೆರಳಿಟ್ಟು ಓದಿದಳು: "ಪು-ಲ್ವೊ-ಚೀ-ಶೆ." ಮೂರನೆಯ ಅಕ್ಷರಕ್ಕೆ ಇಂದು ಚಕಾರದ ಧ್ವನಿಯಿದ್ದರೂ ತಾಂಗ್ ಕಾಲದಲ್ಲಿದ್ದದ್ದು ಕಕಾರ. ನಮ್ಮಲ್ಲಿ ತಮಿಳಿನ 'ಚೆವಿ' ಕನ್ನಡದ 'ಕಿವಿ'ಗೆ ಎದುರಾಗಿ ನಿಲ್ಲುವುದನ್ನು ಬಲ್ಲವರಿಗೆ ಇದು ಸೋಜಿಗವಲ್ಲ. ಆಕೆಗೆ ಅದನ್ನು ವಿವರಿಸಿ, ಕಕಾರವಿಟ್ಟು ಓದಿಸಿದೆ. ಎರಡನೆಯ ಸಲ ಹೆಸರು ಸರಿಯಾಗಿಯೇ ಹೊರಟಿತು.

ಮರುದಿನ ಬೆಳಗ್ಗೆ ಗೋಪುರ ಹತ್ತಲು ಒಂದು ಗಂಟೆ ಸಿಕ್ಕೀತೇ ಎಂದು ಕೇಳಿದೆ. ಕಾರ್ಯಕ್ರಮದಲ್ಲಿಲ್ಲ ಎಂದಳು. ಅಷ್ಟರಲ್ಲಿ ಬಸ್ಸಿನಿಂದ ಆಕೆಗೆ ಕರೆ ಬಂತು. ತಲೆ ಎಣಿಸಿದಾಗ ಒಂದು ಕಡಿಮೆಯಾಗಿತ್ತಂತೆ. ಆ ಒಂದು ನಾನೇ.